ಕೆಳಗಿಡಬಾರದ ಕಲಶ

ಗೋಪಾಳ, ಶಿವಮೊಗ್ಗ
ಭಾನುವಾರ, ೨೨ ಮಾರ್ಚ್ ೨೦೨೬

ಪ್ರೀತಿಯ ವಾಣಿ,

ಹೇಗಿದ್ದೀಯ ಮಾರಾಯ್ತಿ? ಮಂಡಿನೋವು ಕಡಿಮೆ ಆಯ್ತಾ? ನೀನು ಎಷ್ಟು ಸಲ ಫೋನ್ ಮಾಡಿದೆ, ನಾನು ಒಂದು ಸಲಾನೂ ಎತ್ತಲಿಲ್ಲ. ಬೈಕೊಂಡಿರ್ತೀಯ, ಬೈಕೋ. ಫೋನಲ್ಲಿ ಹೇಳಕ್ಕೆ ಹೋದ್ರೆ ನೀನು ನಡುವೆ ಬಾಯಿ ಹಾಕ್ತೀಯ, ನಾನು ಅಳ್ತೀನಿ, ನಮ್ಮ ಯಜಮಾನರು ಒಳಗಿಂದ "ಯಾರದು ಫೋನು?" ಅಂತಾರೆ. ಅದಕ್ಕೇ ಕಾಗದ. ಪೆನ್ನು ಹಿಡಿದು ಯಾವ ಕಾಲ ಆಯ್ತೋ, ಅಕ್ಷರ ಕೋಳಿ ಕೆದರಿದ ಹಾಗಿದೆ. ಹೊಂದಿಸ್ಕೊಂಡು ಓದು.

ನಮ್ಮೂರಲ್ಲಿ ಏಷ್ಯಾ ಮಟ್ಟದ ಖೋಖೋ ಪಂದ್ಯಾವಳಿ ನಡೆದಿದ್ದು ಮೈಸೂರಿನ ಪೇಪರಲ್ಲೂ ಬಂದಿರುತ್ತೆ. ಭರ್ಜರಿ ಯಶಸ್ಸು ಅಂತ ಬರೆದಿರ್ತಾರೆ. ಯಾರಿಗೆ ಯಶಸ್ಸು ಅಂತ ಬರೆದಿರಲ್ಲ.

ಊರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಸವಳಂಗ ರಸ್ತೆ ಅಂಗಡಿಯವರಿಗೆ ಮೊದಲು ಖುಷಿಯೋ ಖುಷಿ, ಹೊಸ ಡಾಂಬರು ಬಿತ್ತಲ್ಲ. ಆಮೇಲೆ ಅಂಗಡಿ ಬಾಗಿಲಿಗೇ ಬ್ಯಾರಿಕೇಡ್ ತಂದಿಟ್ಟಾಗ ಅದೇ ಬಾಯಲ್ಲಿ ಶಾಪ ಹಾಕಿದ್ರು. ಹೂ ಮಾರೋ ಹುಚ್ಚಮ್ಮನ್ನ ಸರ್ಕಲ್ಲಿಂದ ಎಬ್ಬಿಸಿ ಕಳಿಸಿದ್ರು, ಅವಳು ನೋಡಿದ್ರೆ "ಹೋಗ್ಲಿ ಬಿಡಮ್ಮ, ಊರಿಗೆ ಹೆಸರು ಬರುತ್ತಲ್ಲ" ಅಂತಾಳೆ. ನನಗೆ ಅವಳ ಮೇಲೇ ಸಿಟ್ಟು ಬಂತು. ಭದ್ರಾವತಿಯಲ್ಲಿ ನಮ್ಮಣ್ಣ ಮಂಜಪ್ಪ, "ಎಲ್ಲಾ ಶಿವಮೊಗ್ಗಕ್ಕೇ ಕಣೇ, ನಮ್ಮೂರು ಅವರ ಬಸ್ ನಿಲ್ಲಿಸಕ್ಕೆ ಮಾತ್ರ" ಅಂತ ಗೊಣಗಿದ. ಹಾಗಂದವನೇ ಪಾಸ್ ಕೊಡಿಸು ಅಂತ ನನ್ನ ಪ್ರಾಣ ತಿಂದ.

ಸುಳ್ಳು ಯಾಕೆ ಹೇಳ್ಲಿ, ನನಗೂ ಆಸೆ ಇತ್ತು. ನೀನು ನಾನು ಲಂಗ ಎತ್ತಿ ಕಟ್ಟಿ, ಮೊಣಕೈ ತರಚ್ಕೊಂಡು, ಮನೇಲಿ ಬೈಸ್ಕೊಂಡು ಆಡಿದ ಆಟ ಅದು. ಅದಕ್ಕೆ ಹೊರದೇಶದ ಹುಡುಗಿಯರು ವಿಮಾನ ಹತ್ತಿ ಬರ್ತಾರೆ ಅಂದ್ರೆ ಯಾರಿಗೆ ಬೇಡ? ನಿಜವಾಗ್ಲೂ ಹಿಗ್ಗಿದ್ದೆ ಕಣೆ.

ಹೇಸಿಗೆ ಶುರುವಾಗಿದ್ದು ನಮ್ಮ ಭದ್ರಾವತಿ ಮೈದಾನದಿಂದ. ನೀನು ಪಿ.ಟಿ. ಟೀಚರಾಗಿದ್ದಾಗ ದಿನಾ ನೀರು ಹೊಡೆಸಿ, ಕಲ್ಲು ಆರಿಸಿ ಇಟ್ಕೊಂಡಿದ್ದ ನೆಲ. ಹೊರದೇಶದ ತಂಡಗಳ ಅಭ್ಯಾಸಕ್ಕೆ ಬೇಕು ಅಂತ ಗೇಟಿಗೆ ಬೀಗ ಜಡಿದು ಟಾರ್ಪಾಲು ಹೊದಿಸಿದ್ರು. ದಿನಾ ಇಲ್ಲಿಂದ ಬಸ್ಸಲ್ಲಿ ಹೋಗಿ ಅಲ್ಲಿ ಆಡ್ತಿದ್ದ ನನ್ನ ಮಗಳು ಗಗನಾ, ಅವಳ ಜೊತೆ ಹುಡುಗಿಯರು, ಎಲ್ಲಾ ಒಂದು ತಿಂಗಳು ಸಂತೆ ಜಾಗದಲ್ಲಿ ಕೊಳೆತ ಟೊಮ್ಯಾಟೊ ಗುಡಿಸಿ ಆಡಿದ್ರು. ಕೊನೆಗೆ ಒಂದು ತಂಡಾನೂ ಭದ್ರಾವತಿಗೆ ಬರಲಿಲ್ಲ. ಟಾರ್ಪಾಲು ತೆಗೆದಾಗ ಅಡಿಯಲ್ಲಿ ಬರೀ ಬಿಯರ್ ಬಾಟ್ಲಿ. ಯಾರು ಕುಡಿದ್ರು ಅಂತ ಕೇಳೋರೂ ಇಲ್ಲ.

ಅದನ್ನೂ ನುಂಗ್ಕೊಂಡೆ. ಯಾಕೆ ಅಂದ್ರೆ ಉದ್ಘಾಟನೆ ದಿನ ನಮ್ಮ ಜಿಲ್ಲೆ ಹುಡುಗಿಯರಿಗೂ ದಾವಣಗೆರೆಯವರಿಗೂ ಒಂದು ಪ್ರದರ್ಶನ ಪಂದ್ಯ ಇಟ್ಟಿದ್ರು. ರೈಲ್ವೆ ತಂಡದ ಕೋಚ್ ಮೇಡಂ ನೋಡಕ್ಕೆ ಬರೋರಿದ್ರು. ಅವರ ಕಣ್ಣಿಗೆ ಬಿದ್ರೆ ಟ್ರಯಲ್ಸು, ಟ್ರಯಲ್ಸಲ್ಲಿ ಗೆದ್ರೆ ಕೆಲಸ. ಯಜಮಾನರು ಮೊದಲೇ ಹೇಳಿಬಿಟ್ಟಿದ್ರು, ಈ ವರ್ಷ ಗಗನಾ ಡಿಗ್ರಿ ಮುಗಿಯುತ್ತೆ, ಆಟದಿಂದ ಕೆಲಸ ಸಿಕ್ಕಿದ್ರೆ ಆಡ್ಲಿ, ಇಲ್ಲ ಅಂದ್ರೆ ಮದುವೆ. ಗಗನಾಗೆ ಇದ್ದಿದ್ದು ಆ ಒಂದು ಪಂದ್ಯ.

ಇನ್ನು ನಮ್ಮ ಯಜಮಾನರ ವಿಷಯ. ಭೀಮೇಶ್ ಹಾರ್ಡ್‌ವೇರ್ಸ್ ಅಂತ ಬೋರ್ಡಿದ್ದ ಮನುಷ್ಯ ಏಕಾಏಕಿ ಸ್ವಾಗತ ಸಮಿತಿ ಸದಸ್ಯ ಆದ್ರು. ಕೊರಳಲ್ಲಿ ಬ್ಯಾಡ್ಜು, ಸ್ನಾನಕ್ಕೆ ಹೋಗೋವಾಗ ಮಾತ್ರ ತೆಗೀತಿದ್ರು. ಸಮಿತಿ ಅಧ್ಯಕ್ಷ ವಿಜಯಕುಮಾರ್ ಅಂತ, ಕಂಟ್ರಾಕ್ಟರು. ಹೊರದೇಶದವರಿಗೆ ನಮ್ಮ ಸಂಸ್ಕೃತಿ ತೋರಿಸಬೇಕಂತೆ, ಪೂರ್ಣಕುಂಭ ಸ್ವಾಗತ ಆಗಬೇಕಂತೆ. ಕಲಶ ಹಿಡಿಯೋರು ಯಾರು ಅಂತ ಚರ್ಚೆ ಬಂದಾಗ ಇವರೇ ಎದ್ದು, "ಖೋಖೋ ಹುಡುಗಿಯರಿದ್ದಾರಲ್ಲ, ಗಟ್ಟಿಮುಟ್ಟಾಗಿದ್ದಾರೆ, ಎಷ್ಟು ಹೊತ್ತು ಬೇಕಾದ್ರೂ ನಿಲ್ತಾರೆ" ಅಂದ್ರಂತೆ. ಮನೆಗೆ ಬಂದು ಅದನ್ನೇ ಹೆಮ್ಮೆಯಿಂದ ಹೇಳಿದ್ರು. ಥೂ ಅಂದೆ, ಅವರಿಗೆ ಕೇಳಿಸಲಿಲ್ಲ.

ಉದ್ಘಾಟನೆ ದಿನ ಬೆಳಿಗ್ಗೆ ಎಂಟಕ್ಕೆ ಸ್ಟೇಡಿಯಂ ಬಾಗಿಲಲ್ಲಿ, ಜೆರ್ಸಿ ಮೇಲೇ ರೇಷ್ಮೆ ಸೀರೆ ಸುತ್ತಿ ಹುಡುಗಿಯರನ್ನ ಸಾಲಾಗಿ ನಿಲ್ಲಿಸಿದ್ರು. ತಾಮ್ರದ ಬಿಂದಿಗೆ, ಕಂಠಮಟ್ಟ ನೀರು, ಮೇಲೆ ಮಾವಿನೆಲೆ, ತೆಂಗಿನಕಾಯಿ. ತಂಡಗಳು ಅಡಿಕೆ ಹಾರ ಹಾಕಿಸ್ಕೊಂಡು ಒಳಗೆ ಹೋದ್ವು. ಆದರೆ ಮುಖ್ಯ ಅತಿಥಿ ಪತ್ತೆ ಇಲ್ಲ. ದಾರಿಯಲ್ಲಿದ್ದಾರೆ, ತಿಂಡಿ ತಿಂತಿದ್ದಾರೆ, ಹೊರಟ್ರು, ಇಗೋ ಬಂದ್ರು. ಬಿಸಿಲು ನೆತ್ತಿಗೇರ್ತಾ ಇದೆ. ಗಗನಾಳ ತೋಳು ನಡುಗೋದು ನನಗೆ ಕಾಣ್ತಿತ್ತು. ಒಂದು ಹುಡುಗಿ ಬಿಂದಿಗೆ ಇಳಿಸಕ್ಕೆ ಹೋದ್ರೆ ವಿಜಯಕುಮಾರ್ ಓಡಿ ಬಂದ, "ಏಯ್, ತುಂಬಿದ ಕಲಶ ನೆಲಕ್ಕಿಡಬಾರದು, ಅಪಶಕುನ. ದೊಡ್ಡೋರು ಬರೋ ತನಕ ಕೈಯಲ್ಲೇ ಇರ್ಬೇಕು." ನಾನು ಹೋಗಿ, "ಮನೇಲಿ ಮಣೆ ಮೇಲೆ ಅಕ್ಕಿ ಹರಡಿ ಇಡಲ್ವಾ? ನಾಲ್ಕು ಮಣೆ ತರಿಸಿ, ಅಕ್ಕಿ ನಾನು ತರ್ತೀನಿ" ಅಂದೆ. "ಅತ್ತಿಗೆ, ನೀವು ಹೋಗಿ ಕೂತ್ಕೊಳ್ಳಿ, ಲೈವ್ ಹೋಗ್ತಿದೆ" ಅಂದ. ಯಜಮಾನರು ಪಕ್ಕದಲ್ಲೇ ನಿಂತು ಬ್ಯಾಡ್ಜು ನೆಟ್ಟಗೆ ಮಾಡ್ಕೊಳ್ತಿದ್ರು.

ಒಬ್ಬಳಿಗೆ ಮಾತ್ರ ಅರ್ಥ ಆಯ್ತು. ನೇಪಾಳದ ಹುಡುಗಿ, ಆಟಗಾರ್ತಿ. ನೀರು ಕುಡಿಯಕ್ಕೆ ಆಚೆ ಬಂದವಳು ಗಗನಾಳ ಕೈ ನೋಡಿ ಬಿಂದಿಗೆ ತಗೊಂಡು ತಾನು ಹಿಡ್ಕೊಂಡ್ಲು. ಕೂಡಲೇ ಸಮಿತಿಯವರು ಓಡಿ ಬಂದು, ಅತಿಥಿ ಕೈಗೆ ಕೊಡ್ತೀಯಾ, ಬುದ್ಧಿ ಇಲ್ವಾ ಅಂತ ಗಗನಾಗೆ ಬೈದು ವಾಪಸ್ ಕೊಡಿಸಿದ್ರು.

ದೊಡ್ಡ ಮನುಷ್ಯ ಬಂದಿದ್ದು ಹನ್ನೊಂದೂವರೆಗೆ. ಕಾರಿಂದ ಇಳಿದು, ಕಲಶದ ಕಡೆ ಕಣ್ಣೂ ಹಾಯಿಸದೆ ಫೋನಲ್ಲಿ ಮಾತಾಡ್ತಾ ಒಳಗೆ ಹೋದ. ಆಮೇಲೆ ಭಾಷಣ. ಭಾಷಣ ಮುಗಿದ ಮೇಲೆ ಟೈಮಿಲ್ಲ ಅಂತ ನಮ್ಮ ಪಂದ್ಯಾನ ಅರ್ಧಕ್ಕರ್ಧ ಮೊಟಕು ಮಾಡಿದ್ರು. ಹುಡುಗಿಯರು ಸೀರೆ ಬಿಚ್ಚಿ ಎಸೆದು ಹಾಗೇ ಓಡಿದ್ರು.

ನೀನು ಗಗನಾಗೆ ಕಂಬದ ಡೈವ್ ಕಲಿಸಿದ್ದೆಯಲ್ಲ, ಒಂದು ಕೈಯಲ್ಲಿ ಕಂಬ ಹಿಡಿದು ಮೈಯೆಲ್ಲ ಚಾಚಿ ಎದುರಾಳಿಯನ್ನ ಮುಟ್ಟೋದು. ಅವಳಿಗೆ ಹೆಸರು ಬಂದಿದ್ದೇ ಅದರಿಂದ. ಆವತ್ತು ಕಂಬ ಹಿಡಿದ ಕೈ ಜಾರಿತು. ಮುಖ ಅಡಿಯಾಗಿ ಬಿದ್ಲು. ಎದ್ದು ಮತ್ತೆ ಹೋದ್ಲು, ಮತ್ತೆ ಜಾರಿತು. ಬೆರಳು ಮಡಚಕ್ಕೇ ಆಗ್ತಿರಲಿಲ್ಲ. ದಾವಣಗೆರೆ ಹುಡುಗಿಯರು ನೆರಳಲ್ಲಿ ಕೂತು ಎಳನೀರು ಕುಡಿದು ಬಂದೋರು, ಸಲೀಸಾಗಿ ಗೆದ್ರು.

ಕೋಚ್ ಮೇಡಂ ಅವರಲ್ಲೇ ಇಬ್ಬರ ಹೆಸರು ಕೇಳ್ಕೊಂಡು ಹೊರಟ್ರು. ನಾನು ನಾಚಿಕೆ ಬಿಟ್ಟು ಹಿಂದೆ ಓಡಿದೆ. ಬೆಳಿಗ್ಗೆಯಿಂದ ಕಲಶ ಹಿಡಿದು ಕೈ ಸೋತಿತ್ತು ಮೇಡಂ, ಇನ್ನೊಂದು ದಿನ ನೋಡಿ ಅಂದೆ. ಆಯಮ್ಮ ಒಳ್ಳೆಯವಳು, ನಿಂತು ಕೇಳಿದ್ಲು. "ಪಂದ್ಯ ಇದ್ದ ಹುಡುಗಿ ಕೈಗೆ ಕಲಶ ಯಾಕೆ ಕೊಟ್ರಿ?" ಅಂದ್ಲು. ಅವರಪ್ಪನೇ ಕೊಡಿಸಿದ್ದು ಅಂತ ಹೇಳ್ಲಾ?

ಸಂಜೆ ಇವರು ಅಡಿಕೆ ಪೇಟ ತಲೆ ಮೇಲೆ ಇಟ್ಕೊಂಡು ಮನೆಗೆ ಬಂದ್ರು, ಸಮಿತಿಯವರಿಗೆಲ್ಲ ಸನ್ಮಾನ ಅಂತೆ. "ಸೋಲು ಗೆಲುವು ಇದ್ದಿದ್ದೇ ಬಿಡು" ಅಂತ ಗಗನಾಗೆ ಸಮಾಧಾನ ಬೇರೆ. ಅವಳು ಕೈಗೆ ಬಿಸಿನೀರು ಹಾಕ್ಕೊಳ್ತಾ ಕೂತಿದ್ಲು. ಆವತ್ತಿಂದ ನನಗೆ ಇವರಿಗೆ ಊಟ ಬಡಿಸಕ್ಕೂ ಹೇಸಿಗೆ ಆಗುತ್ತೆ. ಬಡಿಸ್ತೀನಿ, ಮುಖ ನೋಡಲ್ಲ.

ಫೈನಲ್ ದಿನ ನೇಪಾಳದವರ ಆಟ ನೋಡಿ ಕಣ್ಣು ತುಂಬಿ ಬಂತು, ಅದನ್ನೂ ಹೇಳ್ಬೇಕಲ್ಲ. ಎಂಥ ಆಟ ಅದು. ಇಷ್ಟು ಚೆಂದದ ಆಟಾನ ಇಂಥವರ ಕೈಗೆ ಕೊಟ್ವಲ್ಲ ಅಂತ ಅಲ್ಲೇ ಕೂತು ಹೊಟ್ಟೆ ಉರ್ಕೊಂಡೆ.

ನಿನ್ನ ಮಂಡಿ ಬೇಗ ವಾಸಿಯಾಗ್ಲಿ. ಮೊಮ್ಮಗುವಿಗೆ ನನ್ನ ಮುತ್ತು, ಅದರ ಬಾಳು ತಣ್ಣಗಿರ್ಲಿ.

ನಿನ್ನ
ಸಣ್ಣಿ

ಬರೆಯೋದೋ ಬೇಡವೋ ಅಂತ ಬಿಟ್ಟಿದ್ದ ಒಂದು ಮಾತು: ಪೇಪರಲ್ಲಿ ಗಗನಾ ಕಲಶ ಹಿಡಿದ ಫೋಟೋ ದೊಡ್ಡದಾಗಿ ಬಂತು. ಅದನ್ನ ನೋಡಿ ವಿಜಯಕುಮಾರನ ಅಣ್ಣನ ಮನೆಯವರು ಭದ್ರಾವತಿಯಿಂದ ಮಗನಿಗೆ ಹೆಣ್ಣು ಕೇಳ್ಕೊಂಡು ಬಂದ್ರು. ನಾನು ಸೆರಗು ಸಿಕ್ಕಿಸ್ಕೊಂಡು ಜಗಳಕ್ಕೇ ನಿಂತಿದ್ದೆ. ಗಗನಾ ಒಪ್ಪಿಬಿಟ್ಲು, ಯಾರೂ ಬಲವಂತ ಮಾಡಲಿಲ್ಲ. ಯಾಕೇ ಅಂತ ಕೇಳಿದ್ರೆ, "ಇಷ್ಟು ವರ್ಷ ಆಡಿದ್ದನ್ನ ಯಾರೂ ಕೇಳಲಿಲ್ಲಮ್ಮ. ಕಲಶ ಹಿಡಿದಿದ್ದನ್ನ ಊರೆಲ್ಲ ಚೆನ್ನಾಗಿತ್ತು ಅಂತಿದೆ. ನನಗೆ ಅದೇ ಚೆನ್ನಾಗಿ ಬರುತ್ತೇನೋ" ಅಂದ್ಲು. ಅವಳು ಅತ್ತಿದ್ರೆ ಮನೆಯೆಲ್ಲ ರಂಪ ಮಾಡಿ ಈ ಸಂಬಂಧ ತಪ್ಪಿಸ್ತಿದ್ದೆ. ಅವಳು ನಗ್ತಾ ಹೇಳಿದ್ಲು, ವಾಣಿ.