ಏನಾಗಿಲ್ಲ, ಏಳು

ಆಗಸ್ಟ್ 4, ಸೋಮವಾರ

ಬೆಳಗ್ಗೆ ಆರೂವರೆಗೆ ಮೈದಾನ. ಮೊದಲ ವರ್ಷದವರ ಹೊಸ ಬ್ಯಾಚು. ಮೈ ಇಲ್ಲಿ, ಮನಸ್ಸು ಹಾಸಿಗೆಯಲ್ಲಿ. ಡಿಗ್ರಿಗೆ ಪಿ.ಟಿ. ಕಡ್ಡಾಯ ಅಂತ ಗೊತ್ತಾದ ದಿನವೇ ಅರ್ಧ ಕ್ಲಾಸಿಗೆ ಬೆನ್ನುನೋವು ಶುರುವಾಗಿದೆ. ಕೈಗೊಂದು ಡಾಕ್ಟರ್ ಚೀಟಿ. ಒಂದನ್ನೂ ಒಪ್ಪಲಿಲ್ಲ.

ಎರಡನೇ ಸುತ್ತಿನಲ್ಲೇ ಒಬ್ಬಳು ಬಿದ್ದಳು. ಮೊಣಕೈ ತರಚಿತ್ತು, ಅಷ್ಟೇ. ಕೂತು ಅಳತೊಡಗಿದಳು. ಗುಬ್ಬಿಯಷ್ಟು ಗಾತ್ರ, ಕಾಗೆಯಷ್ಟು ಗಲಾಟೆ. ಎಲ್ಲರನ್ನೂ ಸುತ್ತ ನಿಲ್ಲಿಸಿ ನಮ್ಮ ಕ್ಲಾಸಿನ ಪದ್ಧತಿ ಹೇಳಿಕೊಟ್ಟೆ. ಯಾರು ಬಿದ್ದರೂ ಎಲ್ಲರೂ ಒಂದೇ ದನಿಯಲ್ಲಿ, "ಏನಾಗಿಲ್ಲ, ಏಳು." ಬಿದ್ದವರು ಎದ್ದು ನಿಂತು, "ಏನಾಗಿಲ್ಲ ಸಾರ್." ನಡೆಯಲು ಕಲಿಯುವ ಮಗುವಿಗೆ ಎಲ್ಲರ ಮನೆಯಲ್ಲೂ ಹೇಳುವ ಮಾತೇ. ಇವರಿಗೆ ಹದಿನೆಂಟು ತುಂಬಿದ ಮೇಲೆ ಮತ್ತೆ ಹೇಳಬೇಕಾಗಿದೆ.

ಮೂಗು ಒರೆಸಿಕೊಂಡು ಹೇಳಿದಳು. ಕ್ಲಾಸು ನಕ್ಕಿತು. ಗುಬ್ಬಿ ಅಂತ ಹೆಸರೂ ಅಂಟಿತು.

ಆಗಸ್ಟ್ 13

ಡೀನ್ ಕರೆಸಿದ್ದರು. ಮೈದಾನದ ಅರ್ಧ ಭಾಗ ಪಾರ್ಕಿಂಗಿಗೆ ಹೋಗುವ ಮಾತು ನಡೆದಿದೆಯಂತೆ. "ಪಿ.ಟಿ. ಇಂದ ಹುಡುಗರಿಗೆ ಏನ್ ಉಪಯೋಗ ಅಂತ ಒಂದು ರಿಪೋರ್ಟ್ ಕೊಡಿ. ಲೈಫ್ ಸ್ಕಿಲ್ಸು, ರೆಸಿಲಿಯನ್ಸು... ಆ ತರ." ರೆಸಿಲಿಯನ್ಸ್ ಅಂದರೇನು ಅಂತ ಕೇಳಿಯೇಬಿಟ್ಟೆ. "ಬಿದ್ರೆ ಏಳೋದು ಕಣ್ರೀ."

ಇಷ್ಟು ವರ್ಷ ನಾನು ಮಾಡಿಸಿದ್ದು ಅದನ್ನೇ. ಇಂಗ್ಲಿಷ್ ಹೆಸರಿಟ್ಟ ಮೇಲೆ ಬೆಲೆ ಬಂದಿದೆ.

ಈ ಸಲ ಗಟ್ಟಿತನಕ್ಕೆ ಹತ್ತು ಮಾರ್ಕ್ಸ್ ಇಟ್ಟೆ. ನೋವು ಅಂತ ಬಾಯಿಬಿಟ್ಟರೆ ಒಂದು ಕಟ್. ಮಾರ್ಕ್ಸ್ ಇಲ್ಲದಿದ್ದರೆ ಇವರು ಉಸಿರನ್ನೂ ಎಳೆದುಕೊಳ್ಳುವುದಿಲ್ಲ.

ಸೆಪ್ಟೆಂಬರ್ 10

ಗುಬ್ಬಿ ಈಗ ಸಾಲಿನ ಮುಂದೆ ಓಡುತ್ತಾಳೆ. ಇವತ್ತು ಕ್ಲಾಸು ಮುಗಿದ ಮೇಲೆ ಬಂದು ನಿಂತಳು. ಬಸ್ಸಿನಲ್ಲಿ ಒಬ್ಬ ಮೈಗೆ ಕೈ ತಾಗಿಸುತ್ತಿದ್ದನಂತೆ. ಮೊದಲಾಗಿದ್ದರೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಹೋಗುತ್ತಿದ್ದಳಂತೆ. ಈ ಸಲ ಕಾಲರ್ ಹಿಡಿದು ಕಂಡಕ್ಟರ್ ಮುಂದೆ ನಿಲ್ಲಿಸಿದ್ದಾಳೆ. "ಕಾಲು ನಡುಗ್ತಿತ್ತು ಸಾರ್. ಏನಾಗಿಲ್ಲ, ಏನಾಗಿಲ್ಲ ಅಂತ ಒಳಗೊಳಗೇ ಹೇಳ್ಕೊಂಡೆ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. "ಎಲ್ಲರಿಗೂ ಏನಾಗಿಲ್ಲ ಅಂತ ಕಲಿಸ್ತೀರಿ. ನಾನು ಇಲ್ಲಿ ಒತ್ತಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತೀರಿ" ಅಂದಳು. ಒತ್ತಿಯೂ ಬಿಟ್ಟಳು. ಕಿರುಚಿದೆ.

ಸೆಪ್ಟೆಂಬರ್ 22, ಸೋಮವಾರ

ಹೈಜಂಪ್. ಎರಡು ಮ್ಯಾಟ್ ಜೋಡಿಸಿ ಹಾಕಿದ್ದು. ಸೇರಿಸಿ ಕಟ್ಟುವ ಹಗ್ಗ ಸ್ಟೋರ್ ರೂಮಿನಲ್ಲಿತ್ತು, ತರಿಸಲಿಲ್ಲ. ಹಾರಿ ಹಾರಿ ನಡುವೆ ಸಂದಿ ಬಿಟ್ಟಿತ್ತು. ಗುಬ್ಬಿಯ ತಲೆಯ ಹಿಂಭಾಗ ಸರಿಯಾಗಿ ಆ ಸಂದಿಗೇ ಬಿತ್ತು. ಸದ್ದು ನನಗೂ ಕೇಳಿಸಿತು.

ಕ್ಲಾಸು ಹೇಳಿತು. ಎಂದಿನಂತೆ, ಜೋರಾಗಿ. ಅವಳು ಸ್ವಲ್ಪ ಹೊತ್ತು ಆಕಾಶ ನೋಡುತ್ತ ಮಲಗಿದ್ದಳು. ಆಮೇಲೆ ಎದ್ದಳು. "ಏನಾಗಿಲ್ಲ ಸಾರ್." ಚಪ್ಪಾಳೆಯೋ ಚಪ್ಪಾಳೆ. ಮತ್ತೆ ಓಡಿಬಂದು ಅದೇ ಎತ್ತರ ದಾಟಿದಳು.

ಹತ್ತಕ್ಕೆ ಹತ್ತು. ರಿಪೋರ್ಟಿನಲ್ಲಿ ಮೊದಲ ಉದಾಹರಣೆ ಇವಳೇ. ಮೊದಲ ದಿನದ ಅಳು, ಬಸ್ಸು, ಇವತ್ತಿನ ಜಿಗಿತ... ಡೀನ್ ಪಾರ್ಕಿಂಗ್ ಹೇಗೆ ಮಾಡುತ್ತಾರೆ ನೋಡೋಣ.

ಸೆಪ್ಟೆಂಬರ್ 23

ಗುಬ್ಬಿ ಬಂದಿದ್ದಳು. ಸಾಲಿನಲ್ಲಿ ಪಕ್ಕದವಳ ಭುಜ ಹಿಡಿದುಕೊಂಡು ನಿಂತಿದ್ದಳು. ಕಣ್ಣು ಕಿರಿದು ಮಾಡಿಕೊಂಡಿದ್ದಳು, ಬಿಸಿಲು ಇನ್ನೂ ಬಂದಿರಲಿಲ್ಲ. "ಏನು?" ಅಂದೆ.

"ಏನಾಗಿಲ್ಲ ಸಾರ್."

ರಿಪೋರ್ಟ್ ಕಳಿಸಿದೆ.

ಸೆಪ್ಟೆಂಬರ್ 27, ಶನಿವಾರ

ಬರೆಯಲು ಕೈ ಬರಲಿಲ್ಲ ಇಷ್ಟು ದಿನ.

ಬುಧವಾರ ಬೆಳಗ್ಗೆ ಅವಳ ಅಪ್ಪ ಎಬ್ಬಿಸಿದರೆ ಎಚ್ಚರವಿಲ್ಲ. ತಲೆಯೊಳಗೆ ರಕ್ತ ಸೋರಿ ಹೆಪ್ಪುಗಟ್ಟಿತ್ತು. ಆಪರೇಷನ್ ಆಗಿದೆ. ಐಸಿಯು.

ಅಪ್ಪ ಟೈಲರ್. ಶರ್ಟಿನ ಮೇಲೆ ನೂಲಿನ ಚೂರುಗಳು ಹಾಗೇ ಇದ್ದವು. ತಾಯಿ ಇಲ್ಲದ ಮನೆ. ಹೊಡೆಯುತ್ತಾರೆ ಅಂದುಕೊಂಡೇ ಆಸ್ಪತ್ರೆಗೆ ಹೋಗಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಎದ್ದು ಕುರ್ಚಿ ಬಿಟ್ಟುಕೊಟ್ಟರು.

"ಮಂಗಳವಾರ ಎರಡು ಸಲ ವಾಂತಿ ಮಾಡ್ಕೊಂಡ್ಲು ಸಾರ್. ಏನಮ್ಮಾ ಅಂದೆ. ಏನಾಗಿಲ್ಲ ಅಪ್ಪಾ, ಮಲ್ಕೋ ಅಂದ್ಲು. ಮೊದ್ಲೆಲ್ಲ ಬೆರಳಿಗೆ ಸೂಜಿ ತಾಗಿದ್ರೂ ಮನೆ ತಲೆ ಮೇಲೆ ಹೊತ್ಕೊಳ್ತಿದ್ಲು. ನಿಮ್ಮ ಕ್ಲಾಸಿಗೆ ಸೇರಿದ್ಮೇಲೆ ಎಷ್ಟು ಗಟ್ಟಿಯಾದ್ಲು ಅಂತ ಖುಷಿಯಾಗಿತ್ತು. ಅದಕ್ಕೇ ನಾನೂ ಸುಮ್ಮನೆ ಮಲ್ಕೊಂಡೆ."

ಬೈಗುಳ ಅಲ್ಲ ಅದು. ನನ್ನನ್ನು ಹೊಗಳುತ್ತಿದ್ದರು.

ಸಂಜೆ ಡೀನ್ ಫೋನು. "ರಿಪೋರ್ಟಿಂದ ಆ ಹುಡುಗಿ ವಿಷಯ ತೆಗೆದುಬಿಡೋಣ ಅಲ್ವಾ?"

ಸೆಪ್ಟೆಂಬರ್ 29

ಕ್ಲಾಸು. ಒಬ್ಬ ಎಡವಿ ಬಿದ್ದ. "ಏನಾ—" ಅಂತ ನಾಲ್ಕೈದು ಬಾಯಿ ಶುರುಮಾಡಿ ಅಲ್ಲೇ ನಿಂತವು. ಎಲ್ಲರೂ ನನ್ನ ಮುಖ ನೋಡಿದರು. ಅವನೂ ಬಿದ್ದಲ್ಲಿಂದಲೇ ನೋಡಿದ. ಯಾರೂ ಹತ್ತಿರ ಹೋಗಲಿಲ್ಲ. ಹತ್ತಿರ ಹೋಗಿ ಎಲ್ಲಿ ಪೆಟ್ಟಾಯಿತು ಅಂತ ಕೇಳುವುದನ್ನು ಇವರಿಗೆ ನಾನು ಕಲಿಸಿಯೇ ಇಲ್ಲ.

ನಾನೇ ಹೋದೆ. ಕಾಲು ಉಳುಕಿತ್ತು. ಮುಟ್ಟಿದರೆ ಹಲ್ಲು ಕಚ್ಚಿಕೊಂಡ.

ಅಕ್ಟೋಬರ್ 1

ಗುಬ್ಬಿಗೆ ಎಚ್ಚರ ಬಂದಿದೆ. ಹೆಂಡತಿ ಅತ್ತಳು, ನಾನೂ.

ಅಕ್ಟೋಬರ್ 3, ಶುಕ್ರವಾರ, ಆಸ್ಪತ್ರೆ

ಬೆಳಗ್ಗೆ ಡಾಕ್ಟರಮ್ಮ ಫೋನ್ ಮಾಡಿ ಕರೆಸಿದರು. "ರಕ್ತ ಮತ್ತೆ ಸೇರ್ಕೊಳ್ಳೋ ಸಾಧ್ಯತೆ ಇದೆ. ಮೊದಲು ಗೊತ್ತಾಗೋದೇ ತಲೆನೋವಿಂದ. ನಾವು ಎಷ್ಟು ಸಲ ಕೇಳಿದ್ರೂ ಏನಾಗಿಲ್ಲ ಅಂತಾಳೆ. ಮುಖ ನೋಡಿದ್ರೆ ನಂಬಿಕೆ ಬರಲ್ಲ. ನೀವು ಕೇಳಿ ನೋಡಿ, ನಿಮ್ಮ ಮಾತು ಕೇಳ್ತಾಳಂತೆ."

ಬಾಗಿಲಲ್ಲಿ ನನ್ನನ್ನು ಕಂಡಿದ್ದೇ ತಡ, ಮೊಣಕೈ ಊರಿ ಏಳಲು ಹೊರಟಳು. ಬೋಳಿಸಿದ ತಲೆಗೆ ಬ್ಯಾಂಡೇಜು, ಕೈಯಲ್ಲಿ ಡ್ರಿಪ್ಪು. ಮಲ್ಕೋ ಅಂದೆ. ಮಲಗಲಿಲ್ಲ. ನರ್ಸು ಭುಜ ಹಿಡಿದು ಒರಗಿಸಬೇಕಾಯಿತು.

"ಎಲ್ಲಿ ನೋವು, ಹೇಳಮ್ಮಾ."

"ಏನಾಗಿಲ್ಲ ಸಾರ್." ನಾಲಿಗೆ ತೊದಲುತ್ತಿತ್ತು. ನಕ್ಕಳು. ತುಟಿ ಒಂದೇ ಕಡೆ ಎದ್ದಿತು.

ಮತ್ತೆ ಕೇಳಿದೆ. ಅದೇ ಉತ್ತರ. ನೋಡಲಾಗದೆ ಅವಳ ಅಪ್ಪ ಹೊರಗೆ ಹೋದರು. ಮತ್ತೊಮ್ಮೆ ಕೇಳುವಾಗ ನನ್ನ ದನಿ ಒಡೆಯಿತು.

"ಹೇಳಿದ್ರೆ ಮಾರ್ಕ್ಸ್ ಕಟ್ ಮಾಡ್ತೀರಾ ಸಾರ್?"

ಇಲ್ಲ ಅಂದೆ. ಇಲ್ಲಮ್ಮಾ, ಇಲ್ಲ.

"ತುಂಬಾ ನೋಯ್ತಿದೆ. ನಿನ್ನೆ ಬೆಳಗ್ಗೆಯಿಂದ."

ಡಾಕ್ಟರಮ್ಮ ಕಾಲಿನಿಂದಲೇ ಮಂಚದ ಚಕ್ರದ ಲಾಕ್ ತೆಗೆದರು.

ಮಧ್ಯಾಹ್ನ

ಆಪರೇಷನ್ ಥಿಯೇಟರಿನ ಹೊರಗೆ. ಇನ್ನೂ ಬಾಗಿಲು ತೆರೆದಿಲ್ಲ. ಅವಳ ಅಪ್ಪ ಪಕ್ಕದಲ್ಲಿ ಕೂತಿದ್ದಾರೆ. ಆಗಿನಿಂದ ನನ್ನ ಕೈ ಬಿಟ್ಟಿರಲಿಲ್ಲ, ಈಗಷ್ಟೇ ನೀರು ಕುಡಿಯಲು ಬಿಟ್ಟರು. "ನೋವು ಬಂದ ತಕ್ಷಣ ನಿಮ್ಮ ಹತ್ರ ಹೇಳ್ಬಿಟ್ಲಲ್ಲ ಸಾರ್, ಸದ್ಯ" ಅಂದರು. ಅವಳು ನಿನ್ನೆಯಿಂದ ಅಂದದ್ದು ಇವರಿಗೆ ಕೇಳಿಸಿಲ್ಲ. ಹೊರಗಿದ್ದರು. ಹೇಳಬೇಕು. ಡಾಕ್ಟರು ಹೊರಗೆ ಬರುವ ಮೊದಲು ನಾನೇ ಹೇಳಬೇಕು. ನೀರು ಕುಡಿದು ಬಂದರು, ನನಗೂ ಒಂದು ಲೋಟ ತಂದಿದ್ದಾರೆ. ಬಾಗಿಲು—