ಅವ್ವನ ತಲೆ ಎಣ್ಣೆ

೧೮ ನವೆಂಬರ್ ೨೦೨೫, ಮಂಗಳವಾರ

ದಿನಾ ಎಷ್ಟು ಕೊಬ್ಬರಿ ಎಣ್ಣೆ ತಿನ್ನಬೇಕು ಅನ್ನೋದೇ ಈ ವಾರ ನನಗೂ ಸರೋಜಾಗೂ ಜಗಳ. ಫೋನಿನಲ್ಲಿ ಏನೋ ನೋಡಿ ಮೂರು ಚಮಚ ಅಂತಾಳೆ ನನ್ನ ಹೆಂಡತಿ. ಇವತ್ತು ದಾವಣಗೆರೆ ಡಾಕ್ಟರನ್ನೇ ಕೇಳಿದೆವು. "ತಿನ್ನಲೇಬೇಕು ಅಂತೇನಿಲ್ಲ. ಆಸೆ ಇದ್ರೆ ಒಂದು ಚಮಚ, ಅದೂ ಅಡಿಗೆ ಎಣ್ಣೆ ಕಡಿಮೆ ಮಾಡಿ" ಅಂದ್ರು.

ನಮ್ಮ ಮನೆಯಲ್ಲಿ ಅದು ತಲೆಗೆ ಹಚ್ಚೋ ಎಣ್ಣೆ. ಬಾಯಿಗೆ ಶೇಂಗಾ ಎಣ್ಣೆ. ನಾನು ಚಿಕ್ಕವನಿದ್ದಾಗ ಭಾನುವಳ್ಳಿ ಮನೆಗೆ ಬೀಗರು ಬಂದ ದಿನವೇ ಶೇಂಗಾ ಎಣ್ಣೆ ತೀರಿತ್ತು. ಅವ್ವ ತಲೆ ಎಣ್ಣೆಯಲ್ಲೇ ಮಂಡಕ್ಕಿಗೆ ಒಗ್ಗರಣೆ ಹಾಕಿದಳು. ಎಲ್ಲರ ಮುಂದೆ ನಾನು, "ಅವ್ವನ ಜಡೆ ವಾಸನೆ ಬರ್ತೈತೆ" ಅಂದುಬಿಟ್ಟೆ. ಅವ್ವ ತಲೆ ಎತ್ತಲಿಲ್ಲ. ಅಪ್ಪ ಇನ್ನೊಂದು ಸಲ ಹಾಕಿಸಿಕೊಂಡು ತಿಂದ.

ಅವ್ವ ಹೋಗಿ ಒಂಬತ್ತು ವರ್ಷ. ತಪ್ಪಾಯ್ತು ಅಂತ ನಾನು ಅವಳಿಗೆ ಒಮ್ಮೆಯೂ ಹೇಳಲಿಲ್ಲ.

ಊಟಕ್ಕೆ ಮುಂಚೆ ಸರೋಜಾ ಒಂದು ಚಮಚ ಕೊಟ್ಟಳು. ಬಾಯಿಗಿಟ್ಟ ಕೂಡಲೇ ಅದೇ ವಾಸನೆ. ನನ್ನ ಮುಖ ನೋಡಿ, "ಆಗದಿದ್ರೆ ಬ್ಯಾಡ ಬಿಡ್ರಿ" ಅಂದಳು. ಇನ್ನೊಂದು ಚಮಚ ಹಾಕು ಅಂದೆ.

"ಡಾಕ್ಟರ್ ಒಂದೇ ಅಂದಾರಲ್ಲ" ಅಂತ ಡಬ್ಬಿ ಮುಚ್ಚಿಟ್ಟಳು.

ಚಮಚ ನೆಕ್ಕುತ್ತಾ ಕೂತೆ.