ಎರಡು ಸಿಹಿಯ ನಡುವೆ ಒಂದು ಮಿರ್ಚಿ

ಗದಗ
ಫೆಬ್ರುವರಿ ಮೂವತ್ತು, ೨೨೦೯

ನಮಗಿಂತ ಬಹಳ ಹಿಂದೆ ಬಾಳಿದ ಹಿರಿಯರೇ,

ತಾರೀಖು ನೋಡಿ ನಗಬೇಡಿ. ಫೆಬ್ರುವರಿಗೆ ನಾವು ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ಪಾಪ, ಆ ತಿಂಗಳಿಗೆ ನೀವು ಮಾಡಿದ್ದು ಅನ್ಯಾಯ. ಈ ಕಾಗದ ನಿಮಗೆ ತಲುಪುತ್ತದೆ ಎಂಬ ಖಾತ್ರಿ ನನಗಿಲ್ಲ. ನಮ್ಮ ಅಂಚೆ ಕಚೇರಿಯಲ್ಲಿ ಹಿಂದಂಚೆ ಎಂಬ ಕಿಟಕಿಯೊಂದಿದೆ. ಕಳೆದ ಕಾಲಕ್ಕೆ ಬರೆದ ಕಾಗದಗಳನ್ನು ಅಲ್ಲಿ ತೆಗೆದುಕೊಳ್ಳುತ್ತಾರೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ಆದರೂ ಕಿಟಕಿಯ ಮುಂದೆ ಜನ ಇದ್ದೇ ಇರುತ್ತಾರೆ, ಏಕೆಂದರೆ ಸಂತೋಷವಾದಾಗ ಹತ್ತು ಜನಕ್ಕೆ ಹೇಳದಿದ್ದರೆ ನಮ್ಮೂರಿನವರಿಗೆ ಊಟ ಸೇರುವುದಿಲ್ಲ. ನನ್ನ ಬರಹದಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳು ಬಂದರೆ ಕ್ಷಮಿಸಬೇಕು. ನಿಮ್ಮ ಕಾಲದ ಪುಸ್ತಕಗಳಲ್ಲಿ ಲಿಂಗತ್ವ ಅಸ್ಮಿತೆ, ಲೈಂಗಿಕ ಅಭಿಮುಖತೆ ಎಂಬ ಮಾತುಗಳನ್ನು ಓದಿ ನಾನೂ ಸಾಕಷ್ಟು ಒದ್ದಾಡಿದ್ದೇನೆ. ಹಾಗಾಗಿ ಇಬ್ಬರದೂ ಸರಿಹೋಯಿತು.

ನಾನು ಶಾಂಭವಿ ಅಣ್ಣಿಗೇರಿ. ದೊಡ್ಡ ಊಟಗಳಿಗೆ ಅಡುಗೆ ಮಾಡುವವಳು, ಬಾಯಿ ಸ್ವಲ್ಪ ಜೋರು. ನಮ್ಮ ಊರು ಈಗ ಗಾಳಿಯ ಮೇಲೆ ನಡೆಯುತ್ತದೆ. ಗುಡ್ಡದ ಸಾಲಿನುದ್ದಕ್ಕೂ ಗಾಳಿಗಿರಣಿಗಳು. ಬೆಟಗೇರಿಯ ಮಗ್ಗಕ್ಕೆ, ಟ್ರಾಮಿಗೆ, ಶಾಲೆಯ ಗಂಟೆಗೆ ಎಲ್ಲಕ್ಕೂ ಅವೇ ಆಧಾರ. ಗಾಳಿ ನಿಂತ ದಿನ ಇಡೀ ಊರಿಗೆ ರಜೆ, ಅದನ್ನು ಗಾಳಿರಜೆ ಎನ್ನುತ್ತೇವೆ. ಅದು ಯಾವತ್ತು ಬರುತ್ತದೆಂದು ಯಾರೂ ಹೇಳಲಾರರು. ಬೆಳಿಗ್ಗೆ ಬಾಗಿಲು ತೆರೆದಾಗ ಒಣಹಾಕಿದ ಬಟ್ಟೆ ಅಲ್ಲಾಡದಿದ್ದರೆ ಮಕ್ಕಳು ಕುಣಿಯುತ್ತಾರೆ, ನಾನು ಕಟ್ಟಿಗೆ ಒಲೆ ಹಚ್ಚುತ್ತೇನೆ. ಓಣಿಯ ದೊಡ್ಡ ಊಟಗಳೆಲ್ಲ ಆ ದಿನಗಳಲ್ಲೇ ನಡೆಯುತ್ತವೆ, ಎಲ್ಲರೂ ಮನೆಯಲ್ಲಿರುವುದು ಆಗಲೇ.

ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಎರಡು ಸಿಹಿಯ ಊಟ. ತಾವು ಯಾರು ಎಂಬುದನ್ನು ಒಬ್ಬರು ಓಣಿಗೆ ಹೇಳುವ ಊಟ ಅದು. ನೀವು ಲಿಂಗತ್ವ ಅಸ್ಮಿತೆ ಎನ್ನುವುದನ್ನು ನಾವು ಬರೀ ತಾನು ಎನ್ನುತ್ತೇವೆ. ಹೆಣ್ಣು, ಗಂಡು, ಎರಡೂ ಹೌದು, ಎರಡೂ ಅಲ್ಲ, ಹೀಗೆ ಒಬ್ಬರು ತಮ್ಮನ್ನು ಒಳಗೆ ಏನೆಂದು ಅರಿತಿದ್ದಾರೋ ಅದು ತಾನು. ಮನಸ್ಸು ಯಾರ ಕಡೆ ಹೋಗುತ್ತದೆ ಎಂಬುದು ಒಲವು. ತಾನು ಹೇಳಿ ಬಡಿಸುವುದು ಗೋಧಿ ಹುಗ್ಗಿ. ಒಲವು ಹೇಳಿ ಬಡಿಸುವುದು ಹೋಳಿಗೆ. ಇವೆರಡರ ನಡುವೆ ಪಂಕ್ತಿಯಲ್ಲಿ ಕೂತ ಪ್ರತಿಯೊಬ್ಬರೂ ಒಂದು ಮಿರ್ಚಿ ಭಜಿ ತಿನ್ನಲೇಬೇಕು. ಹುಗ್ಗಿಯ ರುಚಿ ನಾಲಿಗೆಯಿಂದ ಪೂರ್ತಿ ಹೋಗಲಿ, ಮೊದಲನೆಯದನ್ನು ಕೇಳಿದ್ದೇ ತಡ ಎರಡನೆಯದೂ ಗೊತ್ತಾಯಿತು ಎಂದು ಯಾರೂ ತೀರ್ಮಾನಿಸದಿರಲಿ ಎಂದು ಯಾರೋ ತಿಳಿದವರು ಮಾಡಿದ ಉಪಾಯ. ಯಾರ ಕಡೆಗೂ ಒಲವಿಲ್ಲದವರು ಹೋಳಿಗೆಯ ಬದಲು ಬಾಳೆಹಣ್ಣು ಕೊಡುತ್ತಾರೆ. ಚಪ್ಪಾಳೆ ಅಷ್ಟೇ ಜೋರಾಗಿರುತ್ತದೆ. ನಮ್ಮ ಶಾಲೆಯ ಮುಖ್ಯಸ್ಥರಾದ ಕಲ್ಯಾಣಿಯವರು ಹೆಣ್ಣೂ ಅಲ್ಲ, ಗಂಡೂ ಅಲ್ಲ. ತಮ್ಮ ಊಟದ ದಿನ ಅವರು ಹುಗ್ಗಿ ಬಡಿಸುವಾಗಲೇ ಆನಂದದಿಂದ ಅತ್ತುಬಿಟ್ಟರು, ಹೋಳಿಗೆ ಬಡಿಸುವಾಗ ಒಲವು ಯಾರ ಕಡೆ ಎಂದು ಹೇಳುವುದನ್ನೇ ಮರೆತರು. ನಾವೂ ಕೇಳಲಿಲ್ಲ, ಹೋಳಿಗೆ ತಿಂದು ಬಂದೆವು. ಈ ಊಟ ಯಾರಿಗೂ ಕಡ್ಡಾಯವಲ್ಲ. ಆದರೆ ಹಾಕುತ್ತೇನೆ ಎಂದವರ ಜೊತೆ, ಆ ದಿನ ಬರುವ ತನಕ, ಆ ವಿಷಯ ಯಾರೂ ಎತ್ತುವಂತಿಲ್ಲ.

ಈ ವರ್ಷ ಊಟ ಹಾಕಿದ್ದು ನನ್ನ ಒಡಹುಟ್ಟಿದ ಪಂಪಕ್ಕ. ಮೊನ್ನೆ ಮೊನ್ನೆಯವರೆಗೂ ನಾವು ಅವಳನ್ನು ವಿರೂಪಾಕ್ಷಣ್ಣ ಎಂದು ಕರೆಯುತ್ತಿದ್ದೆವು. ಆ ದಿನಗಳ ಬಗ್ಗೆ ಬರೆಯುವಾಗಲೂ ನಾನು ಅಕ್ಕ ಎಂದೇ ಬರೆಯುತ್ತೇನೆ. ಆಗಲೂ ಅವಳು ಅಕ್ಕನೇ ಆಗಿದ್ದಳು, ನಮಗೆ ಗೊತ್ತಿರಲಿಲ್ಲ ಅಷ್ಟೆ. ಗಾಳಿಗಿರಣಿಯ ರೆಕ್ಕೆಗಳನ್ನು ಹತ್ತಿ ನೋಡುವ ಕೆಲಸದಲ್ಲಿ ತಲೆ ನರೆತವಳು. ಅವಳ ಹೆಂಡತಿ ನೀಲವ್ವ, ನನ್ನ ಅತ್ತಿಗೆ; ನಮ್ಮ ಕಡೆ ವೈನಿ ಎನ್ನುತ್ತೇವೆ. ಇಬ್ಬರೂ ಮದುವೆಯಾದಾಗಿನಿಂದ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಜಗಳವಾಡುತ್ತಾರೆ, ಒಂದೇ ಬಟ್ಟಲಿನಲ್ಲಿ ಕುಡಿಯುತ್ತಾರೆ. ವೈನಿ ತನ್ನ ಊಟವನ್ನು ಇಪ್ಪತ್ತರ ಹರೆಯದಲ್ಲೇ ಹಾಕಿದ್ದಳು. ತನ್ನ ಒಲವು ಗಂಡಸರ ಕಡೆ ಎಂದಿದ್ದಳು. ಆ ದಿನ ಹೋಳಿಗೆ ಸೀದುಹೋದದ್ದರಿಂದ ಓಣಿಯ ಹಳಬರು ಅದನ್ನು ಇಂದಿಗೂ ಮರೆತಿಲ್ಲ.

ಅಕ್ಕ ತಾನು ಹೆಣ್ಣು ಎಂಬುದನ್ನು ಮೊದಲು ಹೇಳಿದ್ದು ವೈನಿಗೆ, ಸಂಜೆ ಚಹಾ ಕುಡಿಯುವಾಗ. ಊಟ ಹಾಕುವುದಾಗಿಯೂ ಹೇಳಿದಳಂತೆ. ವೈನಿ ಆತು ಎಂದಳು, ಬಟ್ಟಲು ತೊಳೆಯಲು ಎದ್ದಳು, ಆಮೇಲೆ ಆ ವಿಷಯದ ಬಗ್ಗೆ ತುಟಿ ಬಿಚ್ಚಲಿಲ್ಲ. ಮರುದಿನ ಅಕ್ಕ ನನ್ನ ಅಡುಗೆಮನೆಗೆ ಬಂದು ಬೇಳೆಯ ಡಬ್ಬಿಯ ಮೇಲೆ ಕೂತು ನನಗೂ ಹೇಳಿದಳು. ನನಗೆ ಒಮ್ಮೆಲೇ ನಗು ಬಂತು, ಅಳುವೂ ಬಂತು. ಇಷ್ಟು ವರ್ಷ ಏಕೆ ಸುಮ್ಮನಿದ್ದೆ ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ. ನಮ್ಮ ಕಾಲದಲ್ಲಿ ಯಾರ ತಾನನ್ನೂ ಯಾರೂ ಆಡಿಕೊಳ್ಳುವುದಿಲ್ಲವಲ್ಲ.

ಅಕ್ಕ ಹೇಳಿದಳು: “ಊರಿಗೆ ನಾ ಎಂದೂ ಹೆದರಿಲ್ಲ ತಂಗಿ. ನೀಲಾ ಎದ್ದು ಹೋದ್ರ ಏನು ಮಾಡ್ಲಿ? ಆಕಿ ಒಲವು ಯಾರ ಕಡೆ ಅನ್ನೂದು ಊರಿಗೆಲ್ಲಾ ಗೊತ್ತೈತಿ.”

ನಮ್ಮ ಮಾತುಗಳೆಲ್ಲ ಸಲೀಸು, ನಿಯಮಗಳೆಲ್ಲ ಚೆಂದ, ಆದರೂ ಅಕ್ಕನ ಎದೆಯಲ್ಲಿದ್ದ ಹೆದರಿಕೆಯನ್ನು ಅವು ತೆಗೆದಿರಲಿಲ್ಲ.

ಗಾಳಿಯೋ, ನಿಲ್ಲುವ ಲಕ್ಷಣವೇ ಇಲ್ಲ. ವಾರಗಟ್ಟಲೆ ಬೀಸಿತು. ಅಕ್ಕ ಊಟ ಹಾಕುವ ಸುದ್ದಿ ಓಣಿಗೆ ಮುಟ್ಟಿತ್ತು. ಅಷ್ಟರಲ್ಲಿ ಅವಳು ಬೆಟಗೇರಿಗೆ ಹೋಗಿ ಕೆಂಪು ಅಂಚಿನ ಸೀರೆಯೊಂದನ್ನು ತನ್ನ ಅಳತೆಯ ಕುಪ್ಪಸದ ಸಮೇತ ತಂದದ್ದನ್ನು ಓಣಿ ನೋಡಿತು. ಹುಗ್ಗಿ ಯಾವುದು ಎಂದು ಎಲ್ಲರಿಗೂ ತಿಳಿಯಿತು, ಎಲ್ಲರಿಗೂ ಖುಷಿಯೋ ಖುಷಿ. ಮಿರ್ಚಿ ತಿಂದೇ ಬೆಳೆದ ಜನ ಇವರು, ಆದರೂ ಖುಷಿಯ ಭರದಲ್ಲಿ ಹೋಳಿಗೆ ಯಾವುದು ಎಂಬುದನ್ನೂ ತಾವೇ ತೀರ್ಮಾನಿಸಿದರು. ಅಕ್ಕ ಹೆಣ್ಣೆಂದ ಮೇಲೆ ಅವಳ ಒಲವು ಗಂಡಸರ ಕಡೆ ಇರಲೇಬೇಕು, ನೀಲವ್ವನದೂ ಗಂಡಸರ ಕಡೆಯೇ, ಅಂದಮೇಲೆ ಇಬ್ಬರಿಗೂ ಬೇರೆ ಬೇರೆ ಏರ್ಪಾಡು ಮಾಡುವುದು ನೆರೆಹೊರೆಯವರ ಧರ್ಮ ಎಂದು ಹೊರಟರು. ನಿಯಮದಂತೆ ಬಾಯಿ ಬಿಟ್ಟು ಏನೂ ಹೇಳುವಂತಿಲ್ಲ, ಹಾಗಾಗಿ ಉಪಕಾರವನ್ನೆಲ್ಲ ಸುತ್ತಿ ಬಳಸಿ ಮಾಡಿದರು. ಪಕ್ಕದ ಮನೆಯ ಫಕೀರಮ್ಮ ತನ್ನ ಮಾಳಿಗೆಯ ಕೋಣೆಗೆ ಸುಣ್ಣ ಹೊಡೆಸಿ, ಒಬ್ಬ ಹೆಂಗಸಿಗೆ ಎಷ್ಟು ಅನುಕೂಲ ನೋಡು ಎಂದು ವೈನಿಗೆ ತೋರಿಸಿದಳು. ಟ್ರಾಮು ನಡೆಸುವ ಮಲ್ಲೇಶಪ್ಪ, ಹೆಂಡತಿ ಸತ್ತ ತನ್ನ ಸೋದರಮಾವ ಪಾತ್ರೆ ಎಷ್ಟು ಚೊಕ್ಕವಾಗಿ ತೊಳೆಯುತ್ತಾನೆ ಎಂದು ವೈನಿಯ ಕಿವಿಗೆ ಬೀಳುವಂತೆ ದಿನಾ ಹೊಗಳಿದ. ವೈನಿ ಎಲ್ಲದಕ್ಕೂ ತಲೆಯಾಡಿಸಿದಳು. ಅವಳು ತಲೆಯಾಡಿಸಿದಷ್ಟೂ ಅಕ್ಕ ಸೊರಗಿದಳು. ನಾನು ಒಳಗೊಳಗೇ ಗಾಳಿಯನ್ನು ಬೈದೆ.

ಕಡೆಗೊಂದು ಬೆಳಿಗ್ಗೆ ಬಟ್ಟೆ ಅಲ್ಲಾಡಲಿಲ್ಲ. ಗುಡ್ಡದ ಮೇಲೆ ರೆಕ್ಕೆಗಳೆಲ್ಲ ನಿಂತಿದ್ದವು. ಓಣಿಯ ಉದ್ದಕ್ಕೂ ಊಟದ ಎಲೆ ಬಿತ್ತು. ಅಕ್ಕ ಆ ಸೀರೆ ಉಟ್ಟು ಹೊರಗೆ ಬಂದಾಗ ನನ್ನ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಎಷ್ಟು ಚೆಂದ ಕಾಣುತ್ತಿದ್ದಳೆಂದರೆ, ನಮ್ಮ ಅವ್ವನೇ ಎದ್ದು ಬಂದಂತಿತ್ತು. ತಾನು ಹೆಣ್ಣು, ಹೆಸರು ಪಂಪಾ ಎಂದು ಹೇಳಿ ಹುಗ್ಗಿ ಬಡಿಸಿದಳು. ಓಣಿ ಕುಣಿಯಿತು. ಮಕ್ಕಳು ಪಂಪಜ್ಜಿ ಎಂದು ಕೂಗಿ ಅಭ್ಯಾಸ ಮಾಡಿಕೊಂಡರು. ಆಮೇಲೆ ನಾನು ಮಿರ್ಚಿ ಬಡಿಸಿದೆ, ಈ ಜನಕ್ಕೆ ಇರಲಿ ಎಂದು ಬೇಕಂತಲೇ ಖಾರದ ಮೆಣಸಿನಕಾಯಿ ಆರಿಸಿದ್ದೆ. ಎಲ್ಲರ ಕಣ್ಣಲ್ಲೂ ನೀರು. ಅಕ್ಕ ಹೋಳಿಗೆಯ ಬುಟ್ಟಿ ಎತ್ತಿಕೊಂಡು ವೈನಿಯ ಎಲೆಯ ಮುಂದೆ ನಿಂತಳು. ತನ್ನ ಒಲವು ಹೆಂಗಸರ ಕಡೆ, ಹರೆಯದಿಂದಲೂ ಅದು ಒಬ್ಬಳ ಕಡೆಗೇ ಎಂದಳು. ಬಡಿಸಲು ಮಾತ್ರ ಕೈ ಬರಲಿಲ್ಲ. ಓಣಿಯೆಲ್ಲ ವೈನಿಯ ಕಡೆ ನೋಡಿತು. ಅವಳು ಏಳುತ್ತಾಳೆ ಎಂದುಕೊಂಡು ಫಕೀರಮ್ಮ ಕಾಲು ಸರಿಸಿ ದಾರಿಯನ್ನೂ ಬಿಟ್ಟಳು.

ವೈನಿ ಮಿರ್ಚಿಯ ತೊಟ್ಟು ಬದಿಗಿಟ್ಟು ಮಾತಾಡಿದಳು.

“ಊಟಕ್ಕಿಂತ ಮೊದಲು ಮಾತಾಡಬಾರದು ಅಂತ ನಿಯಮ ಮಾಡಿಟ್ಟೀರಿ. ಬಾಯಿ ಮುಚ್ಚಿಕೊಂಡು ನನಗ ಸಾಕಾಗೇತಿ. ನನ್ನ ಒಲವು ಗಂಡಸರ ಕಡೆ ಅಂತ ಅವತ್ತು ಹೇಳಿದ್ದು ಖರೇನ. ಇವತ್ತಿಗೂ ಅದು ಬದಲಾಗಿಲ್ಲ. ಆದ್ರ ನಾ ಸಂಸಾರ ಮಾಡಿದ್ದು ಈಕಿ ಜೋಡಿ, ಮುಂದೂ ಈಕಿ ಜೋಡೀನ ಮಾಡಾಕಿ. ಇದಕ್ಕ ನಿಮ್ಮ ಹತ್ರ ಹೆಸರು ಇದ್ರ ಇಡ್ರಿ, ಇಲ್ಲಾಂದ್ರ ಬಿಡ್ರಿ. ಪಂಪಾ, ಹೋಳಿಗಿ ಆರಾಕತ್ತಾವು, ಬಡಸು.”

ಅಕ್ಕ ಬಡಿಸಿದಳು. ಎರಡು ಬಡಿಸಿದಳು, ಮೂರು ಬಡಿಸಿದಳು, ಸಾಕು ಎಂದರೂ ನಿಲ್ಲಿಸಲಿಲ್ಲ. ಮಲ್ಲೇಶಪ್ಪ ತನ್ನ ಸೋದರಮಾವನ ಸುದ್ದಿ ಮತ್ತೆ ಎತ್ತಲಿಲ್ಲ. ಫಕೀರಮ್ಮನ ಸುಣ್ಣ ಹೊಡೆದ ಕೋಣೆಯಲ್ಲಿ ಆ ಮಧ್ಯಾಹ್ನ ಓಣಿಯ ಮಕ್ಕಳೆಲ್ಲ ಹೊಟ್ಟೆ ಬಿರಿಯುವಷ್ಟು ತಿಂದು ಮಲಗಿದರು.

ಹಿರಿಯರೇ, ಎದ್ದು ಹೋಗುವ ಹಕ್ಕು ನೀಲವ್ವ ವೈನಿಗಿತ್ತು. ಹೋಗಿದ್ದರೂ ಅವಳದು ತಪ್ಪು ಎಂದು ನಾವು ಎನ್ನುತ್ತಿರಲಿಲ್ಲ, ಅವಳ ಒಲವು ಅವಳದು. ಅದಕ್ಕೇ ಅವಳು ಕೂತದ್ದು ನನಗೆ ಅಷ್ಟು ದೊಡ್ಡದಾಗಿ ಕಂಡಿತು. ನಿಮ್ಮ ಕಾಲದಲ್ಲಿ ಈ ಮಾತುಗಳಿಗಾಗಿ ಜನ ಬಹಳ ಹೆಣಗುತ್ತಿದ್ದರೆಂದು ಓದಿದ್ದೇನೆ. ಯಾವ ಪದ ಸರಿ, ಯಾವುದು ತಪ್ಪು ಎಂಬ ಭಯದಲ್ಲಿ ಮಾತನ್ನೇ ಬಿಟ್ಟವರೂ ಇದ್ದರಂತೆ. ಪದಗಳನ್ನು ಕಲಿಯಿರಿ, ಕಲಿಯುವುದು ಒಳ್ಳೆಯದೇ; ತಪ್ಪಿದರೆ ತಿದ್ದಿಕೊಂಡರಾಯಿತು, ನಾವು ಇಂದಿಗೂ ತಿದ್ದಿಕೊಳ್ಳುತ್ತಲೇ ಇದ್ದೇವೆ. ನಾನು ಕೇಳಿಕೊಳ್ಳುವುದು ಒಂದೇ. ನಿಮ್ಮ ಮನೆಯಲ್ಲೂ ಬಹಳ ವರ್ಷ ಸುಮ್ಮನಿದ್ದ ಒಬ್ಬರು ಒಂದು ದಿನ ಬಾಯಿ ಬಿಡುತ್ತಾರೆ. ಅವರು ಹೇಳಿದ್ದು ಆ ಕ್ಷಣಕ್ಕೆ ನಿಮಗೆ ಪೂರ್ತಿ ಅರ್ಥವಾಗದೆ ಇರಬಹುದು. ಅರ್ಥವಾಗುವ ತನಕ ಅವರ ಎದುರು ಕೂತಿರಿ.

ನಿಮ್ಮ ಮುಂದಿನವಳು,
ಶಾಂಭವಿ